ದೇವರ ಮುಂದೆ ಸುಳ್ಳು ಹೇಳದವರು

(ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ಎಲ್ಲರಿಗೂ ನಮಸ್ಕಾರ. ವಿಷಯ ಭಾರವಾದದ್ದು, ಹಾಗಾಗಿ ನೇರವಾಗಿ ಶುರು ಮಾಡುತ್ತೇನೆ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾಜಿಗಳು ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದರು. ಅವರಲ್ಲಿ ಸುಮಾರು 15 ಲಕ್ಷ ಮಕ್ಕಳು. ಇದನ್ನು ಓದಿದ ಯಾರಿಗಾದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಇಷ್ಟಾದ ಮೇಲೂ ಆ ಜನ ದೇವರನ್ನು ಹೇಗೆ ನಂಬುತ್ತಾರೆ? ಇವತ್ತು ನಾನು ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು ಅಂದುಕೊಂಡಿದ್ದೇನೆ. ಅಂಥ ಹೊತ್ತಿನಲ್ಲಿ ನಂಬುವ ಮನುಷ್ಯ ದೇವರ ಮುಂದೆ ನಿಂತು ಏನು ಹೇಳಬಹುದು? ಏನು ಹೇಳಬಾರದು?

ಯೆಹೂದಿಗಳು ಈ ಪ್ರಶ್ನೆಯನ್ನು ಮೊದಲ ಸಲ ಕೇಳಿಕೊಂಡದ್ದು ಹಿಟ್ಲರನ ಕಾಲದಲ್ಲಲ್ಲ. ಅವರು ದಿನಕ್ಕೆ ಮೂರು ಸಲ ನಿಂತು ಹೇಳುವ ಒಂದು ಪ್ರಾರ್ಥನೆ ಇದೆ. ಅದರ ಶುರುವಿನಲ್ಲೇ ದೇವರನ್ನು ಮೂರು ಮಾತುಗಳಲ್ಲಿ ಕರೆಯುತ್ತಾರೆ: ದೊಡ್ಡವನು, ಬಲಶಾಲಿ, ಭಯಂಕರನು. ಇದು ಮೋಶೆಯ ಬಾಯಿಂದ ಬಂದ ಮಾತು. ಯೆಹೂದಿ ಧರ್ಮಪಂಡಿತರ ಹಳೆಯ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಈ ಮಾತುಗಳ ಬಗ್ಗೆ ಒಂದು ಕಥೆ ಹೇಳುತ್ತದೆ. ಯೆರೆಮೀಯ ಪ್ರವಾದಿಯ ಕಾಲಕ್ಕೆ ಶತ್ರುಗಳು ದೇವಾಲಯದೊಳಗೆ ನುಗ್ಗಿ ಕುಣಿಯುತ್ತಿದ್ದರು. ‘ಹೊರಗಿನವರು ಅವನ ಮನೆಯಲ್ಲಿ ಕುಣಿಯುತ್ತಿದ್ದಾರೆ, ಅವನ ಭಯ ಎಲ್ಲಿದೆ?’ ಅಂದ ಯೆರೆಮೀಯ, ಪ್ರಾರ್ಥನೆಯಲ್ಲಿ ‘ಭಯಂಕರನು’ ಅನ್ನೋದನ್ನು ಬಿಟ್ಟ. ಆಮೇಲೆ ದಾನಿಯೇಲ ಬಂದ. ‘ಅವನ ಮಕ್ಕಳು ಪರರ ಕೈಯಲ್ಲಿ ದುಡಿಯುತ್ತಿದ್ದಾರೆ, ಅವನ ಬಲ ಎಲ್ಲಿದೆ?’ ಅಂದ. ‘ಬಲಶಾಲಿ’ ಅನ್ನೋದನ್ನೂ ಬಿಟ್ಟ. ಅವರ ನಂತರ ಬಂದ ಹಿರಿಯರ ಸಭೆ ಎರಡನ್ನೂ ಮತ್ತೆ ಸೇರಿಸಿತು. ಸಿಟ್ಟನ್ನು ತಡೆದುಕೊಳ್ಳುವುದೇ ಅವನ ಬಲ, ಇಷ್ಟು ಶತ್ರುಗಳ ನಡುವೆ ಈ ಸಣ್ಣ ಜನಾಂಗ ಇನ್ನೂ ಉಳಿದಿರುವುದೇ ಅವನ ಭಯ, ಅಂತ ಅವರು ಹೇಳಿದರು.

ನನಗೆ ಮುಖ್ಯ ಅನಿಸುವುದು ಇದಾದ ಮೇಲೆ ತಾಲ್ಮುದ್ ಕೇಳುವ ಪ್ರಶ್ನೆ. ಮೋಶೆ ಇಟ್ಟ ಮಾತನ್ನು ತೆಗೆದುಹಾಕಲು ಆ ಇಬ್ಬರಿಗೆ ಧೈರ್ಯ ಹೇಗೆ ಬಂತು? ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಎಲ್ಆಜಾರ್ ಕೊಡುವ ಉತ್ತರ ಹೀಗಿದೆ. ದೇವರು ಸತ್ಯವಂತ ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಅವನಿಗೆ ಸುಳ್ಳು ಹೇಳಲಿಲ್ಲ.

ಈ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇವತ್ತಿನ ಮಾತೆಲ್ಲ ಅದರ ಸುತ್ತಲೇ ಇದೆ.

ಜೆರುಸಲೇಮಿನ ಮೊದಲ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಸುಟ್ಟರು. ಎರಡನೆಯದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಸುಟ್ಟರು. ಎರಡೂ ಸಲ ಧರ್ಮದ ಮುಖ್ಯ ವಿವರಣೆ ಒಂದೇ: ನಮ್ಮ ಪಾಪದಿಂದ ಹೀಗಾಯಿತು. ಹಬ್ಬದ ಪ್ರಾರ್ಥನೆಯಲ್ಲಿ ಇವತ್ತಿಗೂ ಆ ಸಾಲು ಇದೆ. ಈ ವಿವರಣೆಯನ್ನು ಸುಮ್ನೆ ತಳ್ಳಿಹಾಕಬಾರದು. ನಮ್ಮ ದೇವರು ಬಾಬಿಲೋನಿನ ದೇವರ ಎದುರು ಸೋತಿಲ್ಲ, ಇತಿಹಾಸ ಇನ್ನೂ ಅವನ ಕೈಯಲ್ಲೇ ಇದೆ, ನಾವು ತಿದ್ದಿಕೊಂಡರೆ ದಾರಿ ಇದೆ ಅನ್ನುವ ಗಟ್ಟಿತನ ಅದರಲ್ಲಿತ್ತು. ಊರು ಕಳೆದುಕೊಂಡ ಜನಕ್ಕೆ ಅದು ಊರುಗೋಲಾಯಿತು.

ಆದರೆ ಅದೇ ಗ್ರಂಥಗಳಲ್ಲಿ ಇನ್ನೊಂದು ದನಿಯೂ ಇದೆ. ‘ಪ್ರಲಾಪಗಳು’ ಎಂಬ ಬೈಬಲಿನ ಪುಸ್ತಕಕ್ಕೆ ಹಳೆಯ ರಬ್ಬಿಗಳು ಬರೆದ ವ್ಯಾಖ್ಯಾನದಲ್ಲಿ ಸುಟ್ಟುಹೋದ ದೇವಾಲಯವನ್ನು ನೋಡಿ ದೇವರೇ ಅಳುತ್ತಾನೆ. ದೇವದೂತನೊಬ್ಬ ಓಡಿಬಂದು, ‘ನೀನು ಅಳಬೇಡ, ನಿನ್ನ ಬದಲು ನಾನು ಅಳುತ್ತೇನೆ’ ಅನ್ನುತ್ತಾನೆ. ದೇವರು ಹೇಳುತ್ತಾನೆ: ನನ್ನನ್ನು ಇಲ್ಲಿ ಅಳಲು ಬಿಡದಿದ್ದರೆ, ನಿನಗೆ ಪ್ರವೇಶವೇ ಇಲ್ಲದ ಜಾಗಕ್ಕೆ ಹೋಗಿ ಅಳುತ್ತೇನೆ. ಶಿಕ್ಷೆ ಕೊಟ್ಟವನು ಹೀಗೆ ಅಳುವುದಿಲ್ಲ, ಅಲ್ವಾ? ಆ ರಬ್ಬಿಗಳು ಎರಡು ಮಾತನ್ನೂ ಪಕ್ಕಪಕ್ಕದಲ್ಲಿ ಇಟ್ಟು ಹೋದರು. ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಗೋಜಿಗೆ ಹೋಗಲಿಲ್ಲ.

ತಾಲ್ಮುದಿನಲ್ಲಿ ಇನ್ನೊಂದು ಪ್ರಸಂಗ ಬರುತ್ತದೆ. ಎರಡನೇ ದೇವಾಲಯ ಬಿದ್ದ ಮೇಲೆ ಎಷ್ಟೋ ಜನ ಮಾಂಸ ತಿನ್ನುವುದನ್ನೂ ವೈನ್ ಕುಡಿಯುವುದನ್ನೂ ಬಿಟ್ಟುಬಿಟ್ಟರು. ರಬ್ಬಿ ಯೆಹೋಶುವಾ ಅವರ ಹತ್ತಿರ ಹೋಗಿ ಯಾಕೆ ಅಂತ ಕೇಳಿದರು. ‘ಬಲಿಪೀಠದ ಮೇಲೆ ಅರ್ಪಿಸುತ್ತಿದ್ದ ಮಾಂಸವನ್ನು, ಅಲ್ಲಿ ಸುರಿಯುತ್ತಿದ್ದ ವೈನನ್ನು ನಾವು ಹೇಗೆ ಮುಟ್ಟೋದು? ಈಗ ಪೀಠವೇ ಇಲ್ಲವಲ್ಲ’ ಅಂದರು. ‘ಹಾಗಾದರೆ ರೊಟ್ಟಿಯನ್ನೂ ಬಿಡಿ, ಧಾನ್ಯದ ಕಾಣಿಕೆಯೂ ನಿಂತುಹೋಗಿದೆ’ ಅಂದರು ರಬ್ಬಿ. ‘ಹಣ್ಣು ತಿಂದುಕೊಂಡು ಇರುತ್ತೇವೆ.’ ‘ಮೊದಲ ಫಲದ ಕಾಣಿಕೆಯೂ ನಿಂತಿದೆ.’ ‘ಕಾಣಿಕೆಗೆ ಇಡದ ಬೇರೆ ಹಣ್ಣು ತಿನ್ನುತ್ತೇವೆ.’ ‘ಪೀಠದ ಮೇಲೆ ನೀರನ್ನೂ ಸುರಿಯುತ್ತಿದ್ದರು. ನೀರು ಬಿಡ್ತೀರಾ?’

ಅವರ ಹತ್ತಿರ ಮಾತಿರಲಿಲ್ಲ. ಆಗ ರಬ್ಬಿ ಹೇಳಿದರು: ಮಕ್ಕಳೇ, ಶೋಕವೇ ಬೇಡ ಅನ್ನಲು ಆಗುವುದಿಲ್ಲ, ಆಗಬಾರದ್ದು ಆಗಿಹೋಗಿದೆ. ಅತಿಯಾದ ಶೋಕವೂ ಆಗದು, ಜನರಿಗೆ ತಾಳಲಾಗದ ನಿಯಮವನ್ನು ಅವರ ಮೇಲೆ ಹೇರಬಾರದು. ಮನೆಗೆ ಗಾರೆ ಹಚ್ಚಿ, ಸ್ವಲ್ಪ ಜಾಗ ಬಿಡಿ. ಊಟಕ್ಕೆ ಎಲ್ಲ ಮಾಡಿ, ಯಾವುದೋ ಒಂದನ್ನು ಬಿಡಿ. ಹೆಣ್ಣುಮಕ್ಕಳು ಒಡವೆ ಹಾಕಿಕೊಳ್ಳಲಿ, ಒಂದನ್ನು ತೆಗೆದಿಡಲಿ.

ಗೋಡೆಯಲ್ಲಿ ಬಿಡುವ ಜಾಗ ಎಷ್ಟು ಅಂತಲೂ ಲೆಕ್ಕ ಇದೆ: ಒಂದು ಮೊಳ ಉದ್ದ, ಒಂದು ಮೊಳ ಅಗಲ. ಸಂಪ್ರದಾಯಸ್ಥರ ಎಷ್ಟೋ ಮನೆಗಳಲ್ಲಿ ಬಾಗಿಲಿನ ಎದುರಿನ ಗೋಡೆಯ ಮೇಲೆ ಬಣ್ಣ ಕಾಣದ ಆ ಚೌಕ ಇವತ್ತಿಗೂ ಇರುತ್ತದೆ. ಆ ದುರಂತ ಯಾಕೆ ಆಯಿತು ಅನ್ನುವುದಕ್ಕೆ ರಬ್ಬಿ ಯೆಹೋಶುವಾ ಇಲ್ಲಿ ಒಂದು ಮಾತನ್ನೂ ಖರ್ಚು ಮಾಡಿಲ್ಲ. ಮನುಷ್ಯ ತಾಳುವ ಶಕ್ತಿಗೆ ಮಿತಿ ಇದೆ ಅನ್ನುವುದನ್ನು ಧರ್ಮದ ನಿಯಮದೊಳಗೇ ಸೇರಿಸಿಬಿಟ್ಟರು.

ಮಧ್ಯಕಾಲವನ್ನು ಬೇಗ ದಾಟುತ್ತೇನೆ. 1096ರಲ್ಲಿ ಶಿಲುಬೆ ಯುದ್ಧಕ್ಕೆ ಹೊರಟವರು ರೈನ್ ನದಿಯ ದಡದ ಊರುಗಳಲ್ಲಿ ಯೆಹೂದಿಗಳನ್ನು ಕಡಿದರು. 1492ರಲ್ಲಿ ಸ್ಪೇನ್ ಅವರನ್ನು ಹೊರಗೆ ಹಾಕಿತು. ಮುಂದಿನ ಶತಮಾನದಲ್ಲಿ ಗಲಿಲಾಯದ ಸಫೇದ್ ಎಂಬ ಊರಿನಲ್ಲಿ ಐಸಾಕ್ ಲೂರಿಯಾ ಎಂಬ ಅನುಭಾವಿ, ಸೃಷ್ಟಿಯ ಹೊತ್ತಿನಲ್ಲೇ ದೇವರ ಬೆಳಕನ್ನು ಹಿಡಿದ ಪಾತ್ರೆಗಳು ಒಡೆದವು, ಚದುರಿದ ಕಿಡಿಗಳನ್ನು ಕೂಡಿಸುವುದು ಮನುಷ್ಯನ ಕೆಲಸ ಅಂತ ಕಲಿಸಿದರು. ಇದು ಸ್ಪೇನಿನ ಗಾಯದಿಂದ ಹುಟ್ಟಿದ ವಿಚಾರ ಅಂತ ವಿದ್ವಾಂಸ ಗೆರ್ಶೋಮ್ ಶೋಲೆಮ್ ವಾದಿಸಿದರು. ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ.

ಈಗ ಪೋಲೆಂಡಿನ ರಾಜಧಾನಿ ವಾರ್ಸಾಕ್ಕೆ ಬರೋಣ. ನಾನು ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು.

ರಬ್ಬಿ ಕಲೋನಿಮಸ್ ಕಲ್ಮನ್ ಶಪೀರಾ 1889ರಲ್ಲಿ ಹುಟ್ಟಿದವರು. ಹಸೀದಿ ಎಂಬ ಯೆಹೂದಿ ಭಕ್ತಿಪಂಥದ ಗುರುಗಳ ಮನೆತನ. ವಾರ್ಸಾದ ಹತ್ತಿರದ ಪಿಯಾಸೆಚ್ನೊ ಊರಿನ ರೆಬ್ಬೆ, ಅಂದರೆ ಗುರು. 1923ರಲ್ಲಿ ವಾರ್ಸಾದಲ್ಲಿ ಒಂದು ದೊಡ್ಡ ಪಾಠಶಾಲೆ ಶುರು ಮಾಡಿದರು. 1932ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ಒಂದು ಪುಸ್ತಕ ಬರೆದರು. ಮಗುವನ್ನು ಹೆದರಿಸಿ ಕಲಿಸಬೇಡಿ, ತನಗೆ ತಾನೇ ಗುರುವಾಗುವಂತೆ ಬೆಳೆಸಿ ಅನ್ನುವುದು ಅದರ ತಿರುಳು. ಮಕ್ಕಳ ಮನಸ್ಸು ಗೊತ್ತಿದ್ದ ಮನುಷ್ಯ.

1939ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳು ವಾರ್ಸಾದ ಮೇಲೆ ಬಾಂಬು ಹಾಕಿದವು. ಅವರ ಒಬ್ಬನೇ ಮಗನಿಗೆ ಗಾಯವಾಯಿತು. ಆಸ್ಪತ್ರೆಗೆ ಸೇರಿಸಿದರು. ಸೊಸೆ ಮತ್ತು ನಾದಿನಿ ಆಸ್ಪತ್ರೆಯ ಹೊರಗೆ ಕಾಯುತ್ತಿದ್ದಾಗ ಅಲ್ಲಿಗೂ ಬಾಂಬು ಬಿದ್ದು ಇಬ್ಬರೂ ಸತ್ತರು. ಕೆಲವೇ ದಿನಗಳಲ್ಲಿ ಮಗನೂ ಹೋದ. ಕೆಲವು ವಾರಗಳ ನಂತರ ತಾಯಿ ತೀರಿಕೊಂಡರು.

ಅದೇ ನವೆಂಬರಿನಲ್ಲಿ, ಟೋರಾದ, ಅಂದರೆ ಮೋಶೆಯ ಐದು ಗ್ರಂಥಗಳ, ಆ ವಾರದ ಪಾಠ ಬಂದದ್ದು ಸಾರಾಳ ಸಾವಿನ ಅಧ್ಯಾಯ. ಕಥೆ ನಿಮಗೆ ಗೊತ್ತಿರಬಹುದು. ದೇವರ ಮಾತಿನಂತೆ ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಹೋಗುತ್ತಾನೆ, ಕೊನೆಯ ಗಳಿಗೆಯಲ್ಲಿ ದೇವದೂತ ತಡೆಯುತ್ತಾನೆ. ಅದರ ನಂತರದ ಅಧ್ಯಾಯ ತಾಯಿ ಸಾರಾಳ ಸಾವಿನಿಂದ ಶುರುವಾಗುತ್ತದೆ. ಮಗನನ್ನು ಕೊಲ್ಲಲು ಹೊರಟ ಸುದ್ದಿ ಕೇಳಿಯೇ ಅವಳ ಪ್ರಾಣ ಹಾರಿಹೋಯಿತು ಅಂತ ಹಳೆಯ ವ್ಯಾಖ್ಯಾನಗಳು ಹೇಳುತ್ತವೆ. ಮಗನನ್ನು ಕಳೆದುಕೊಂಡ ರೆಬ್ಬೆ ಈ ಕಥೆಯ ಮೇಲೆ ಪ್ರವಚನ ಮಾಡಬೇಕಿತ್ತು.

ಅವರು ಕೇಳಿದ ಪ್ರಶ್ನೆ: ಮೋಶೆ ಈ ಎರಡನ್ನೂ ಯಾಕೆ ಪಕ್ಕಪಕ್ಕ ಬರೆದ? ದೇವರಿಗೆ ತೋರಿಸಲಿಕ್ಕೆ. ನೋಡು, ನೋವು ಮಿತಿ ಮೀರಿದರೆ ಹೀಗಾಗುತ್ತದೆ, ಸಾರಾಳಂಥ ದೊಡ್ಡ ಜೀವಕ್ಕೇ ತಾಳಲು ಆಗಲಿಲ್ಲ, ನಮ್ಮಂಥವರ ಪಾಡೇನು? ಬದುಕಿ ಉಳಿದವನೂ ಪೂರ್ತಿ ಉಳಿಯುವುದಿಲ್ಲ, ಅವನೊಳಗೆ ಒಂದಷ್ಟು ಮುರಿದೇ ಹೋಗಿರುತ್ತದೆ. ಅಲ್ಲಿಂದ ರೆಬ್ಬೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಸಾರಾ ಸುಮ್ಮನೆ ಸಾಯಲಿಲ್ಲ. ತನ್ನ ಜನಕ್ಕೆ ಇಷ್ಟು ನೋವು ಕೊಡಬೇಡ ಅಂತ ದೇವರಿಗೆ ತಿಳಿಸಲು ತಾನೇ ಪ್ರಾಣ ಬಿಟ್ಟಳು. ಸಾವಿರಾರು ವರ್ಷ ಅಬ್ರಹಾಮನ ವಿಧೇಯತೆಯನ್ನು ಕೊಂಡಾಡಿದ ಕಥೆಯಲ್ಲಿ ಈ ಮನುಷ್ಯ ತಾಯಿಯ ಪಕ್ಕ ನಿಂತರು. ಅದೂ ಹೊರಗಿನವರಾಗಿ ಅಲ್ಲ, ಟೋರಾದ ಪಾಠ ಹೇಳುವ ಗುರುವಾಗಿಯೇ. ಮಗ ಸತ್ತು ಎರಡು ತಿಂಗಳೂ ಆಗಿರಲಿಲ್ಲ.

1940ರ ನವೆಂಬರಿನಲ್ಲಿ ಯೆಹೂದಿಗಳ ಕೇರಿಯ ಸುತ್ತ ಗೋಡೆ ಎದ್ದು, ಬಾಗಿಲುಗಳು ಮುಚ್ಚಿದವು. ಒಳಗೆ 4 ಲಕ್ಷಕ್ಕೂ ಹೆಚ್ಚು ಜನ. ಹಸಿವು, ಟೈಫಸ್, ಬೀದಿಯಲ್ಲಿ ಹೆಣಗಳು. ರೆಬ್ಬೆ ಶಬ್ಬಾತ್ ಎಂಬ ವಾರದ ವಿಶ್ರಾಂತಿಯ ದಿನ ಮತ್ತು ಹಬ್ಬದ ದಿನಗಳಲ್ಲಿ ಪ್ರವಚನ ಮುಂದುವರಿಸಿದರು, ಆಮೇಲೆ ಹೀಬ್ರೂನಲ್ಲಿ ಬರೆದಿಟ್ಟರು. ಶುರುವಿನ ಪ್ರವಚನಗಳಲ್ಲಿ ಪಾಪ, ಪಶ್ಚಾತ್ತಾಪದ ಹಳೆಯ ಮಾತು ಇದೆ. ಬರಬರುತ್ತ ಅದು ಹಿಂದೆ ಸರಿಯುತ್ತದೆ. ಅದರ ಜಾಗಕ್ಕೆ ಬರುವುದು ಅಳುವ ದೇವರು. 1942ರ ಹೊತ್ತಿಗೆ ಅವರು ಹೇಳುತ್ತಾರೆ: ದೇವರ ನೋವು ಎಷ್ಟು ದೊಡ್ಡದೆಂದರೆ, ಅದರ ಒಂದು ಕಿಡಿ ಹೊರಗೆ ಬಂದರೂ ಲೋಕ ಸುಟ್ಟುಹೋದೀತು. ಅದಕ್ಕೇ ಅವನು ಒಳಕೋಣೆಯಲ್ಲಿ ಕೂತು ಅಳುತ್ತಾನೆ. ದೇವದೂತನಿಗೂ ಪ್ರವೇಶ ಇಲ್ಲದ ಆ ಹಳೆಯ ಜಾಗವೇ ಇದು. ಆದರೆ ಟೋರಾ ಓದುವ ಮನುಷ್ಯ ಅಲ್ಲಿಗೆ ಹೋಗಬಲ್ಲ ಅಂದರು ರೆಬ್ಬೆ. ಒಬ್ಬನೇ ಅತ್ತರೆ ಮನುಷ್ಯ ಮುರಿದುಬೀಳುತ್ತಾನೆ. ದೇವರ ಜೊತೆ ಕೂತು ಅತ್ತರೆ ಎದ್ದು ನಿಲ್ಲುವಷ್ಟು ಬಲ ಬರುತ್ತದೆ. ನೋವಿಗೆ ಕಾರಣ ಕೇಳಲು ಬಂದವನಿಗೆ ಇದು ಉತ್ತರ ಆಗುವುದಿಲ್ಲ. ಹಸಿದ ಮಗುವನ್ನು ಮನೆಯಲ್ಲಿ ಬಿಟ್ಟು ಬಂದು ಪ್ರವಚನ ಕೇಳುತ್ತ ಕೂತಿದ್ದವರಿಗೆ ಇದೊಂದು ಜೊತೆ.

ಇನ್ನು ನಾನು ತುಂಬ ಸಲ ತಿರುಗಿ ಓದಿದ ಭಾಗ. 1941ರ ಡಿಸೆಂಬರಿನ ಹನುಕ್ಕಾ ಹಬ್ಬದಲ್ಲಿ ರೆಬ್ಬೆ ಸ್ವಲ್ಪ ಗದರಿಸುವ ಧಾಟಿಯಲ್ಲೇ ಮಾತಾಡಿದ್ದರು. ಇಂಥ ಕಷ್ಟ ನಮ್ಮ ಜನಕ್ಕೆ ಹಿಂದೆಂದೂ ಬಂದಿಲ್ಲ ಅನ್ನುವುದು ತಪ್ಪು. ದೇವಾಲಯ ಬಿದ್ದಾಗ, ರೋಮನ್ನರ ಕೈಗೆ ಬೇತಾರ್ ಕೋಟೆ ಬಿದ್ದಾಗ ಇಂಥದ್ದು ಆಗಿದೆ. ಆಗಿನವರು ನಂಬಿಕೆ ಬಿಡಲಿಲ್ಲ, ನೀವ್ಯಾಕೆ ಬಿಡುತ್ತೀರಿ? ಇದು ಅವರ ವಾದ. ಏಳು ತಿಂಗಳ ನಂತರ, 1942ರ ಜುಲೈ 22ರಂದು, ಕೇರಿಯಿಂದ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ರೈಲುಗಳು ಹೊರಟವು. ಎರಡು ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿ ಕೊಂದರು. ರೆಬ್ಬೆಯ ಪ್ರವಚನಗಳು ಆ ಜುಲೈಗೆ ನಿಂತವು. ಕೇಳುವವರೇ ಉಳಿದಿರಲಿಲ್ಲ. ಅವರನ್ನು ಕೇರಿಯೊಳಗಿನ ಕಾರ್ಖಾನೆಯ ಕೆಲಸಕ್ಕೆ ಹಾಕಿದ್ದರು.

ನವೆಂಬರ್ ಕೊನೆಯಲ್ಲಿ ಅವರು ಹಳೆಯ ಹಾಳೆಗಳನ್ನು ತೆಗೆದು, ಆ ಹನುಕ್ಕಾ ಪ್ರವಚನಕ್ಕೆ ಒಂದು ಟಿಪ್ಪಣಿ ಸೇರಿಸಿದರು. ಅದರ ಸಾರ ಇಷ್ಟು. ಇಂಥದ್ದು ಹಿಂದೆಯೂ ಆಗಿದೆ ಅಂತ ನಾನು ಹೇಳಿದ್ದು ಆವರೆಗಿನ ಕಷ್ಟಗಳಿಗೆ ಮಾತ್ರ ನಿಜ. ಆಮೇಲೆ ಆ ಕೊಲೆಗಡುಕರು ನಮಗಾಗಿ ಹುಡುಕಿ ಹುಡುಕಿ ತಂದ ಹಿಂಸೆ, ಸಾವುಗಳಂಥದ್ದು, ನನಗೆ ಗೊತ್ತಿರುವ ಹಿರಿಯರ ಮಾತುಗಳಲ್ಲಾಗಲಿ ನಮ್ಮ ಜನರ ಚರಿತ್ರೆಯಲ್ಲಾಗಲಿ ಎಂದೂ ಇರಲಿಲ್ಲ. ದೇವರು ನಮ್ಮ ಮೇಲೆ ಕರುಣೆ ತೋರಲಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ನಮ್ಮನ್ನು ಪಾರು ಮಾಡಲಿ.

ಒಬ್ಬ ಧರ್ಮಗುರುವಿಗೆ ಹಳೆಯ ಉದಾಹರಣೆ ಅಂದರೆ ಏನು ಅಂತ ಯೋಚಿಸಿ. ಅದೇ ಅವನ ಉಸಿರು. ಹಿಂದೆ ಹೀಗಾಗಿತ್ತು, ಆಮೇಲೆ ಹೀಗೆ ಪಾರಾದೆವು ಅಂತ ಹೇಳಿಯೇ ಅವನು ಜನರನ್ನು ಎತ್ತಿ ನಿಲ್ಲಿಸುವುದು. ಆ ಆಸರೆಯನ್ನು ರೆಬ್ಬೆ ತಾವಾಗಿಯೇ ಕೈಬಿಟ್ಟರು. ಯಾರೂ ಕೇಳಿರಲಿಲ್ಲ, ಯಾರಾದರೂ ಓದುತ್ತಾರೆ ಅನ್ನುವ ಭರವಸೆಯೂ ಇರಲಿಲ್ಲ. ಯೆರೆಮೀಯ, ದಾನಿಯೇಲರ ಜೊತೆ ಇವರನ್ನೂ ನಿಲ್ಲಿಸಬೇಕು ಅಂತ ನನಗನಿಸುವುದು ಇದಕ್ಕೇ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಲಿಥುವೇನಿಯಾದ ಕೊವ್ನೊ ಕೇರಿಯಲ್ಲಿ ಎಫ್ರಾಯಿಮ್ ಓಶ್ರಿ ಎಂಬ ಎಳೆಯ ರಬ್ಬಿ ಇದ್ದರು. ಜನ ಅವರ ಹತ್ತಿರ ಧರ್ಮಸಂದೇಹಗಳನ್ನು ತರುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ‘ನನ್ನನ್ನು ಗುಲಾಮನನ್ನಾಗಿ ಮಾಡದ ದೇವರಿಗೆ ಸ್ತೋತ್ರ’ ಅಂತ ಒಂದು ಸಾಲಿದೆ. ನಾವೀಗ ಗುಲಾಮರೇ ಆಗಿದ್ದೇವೆ, ಈ ಮಾತನ್ನು ಯಾವ ಬಾಯಲ್ಲಿ ಹೇಳೋದು ಅಂತ ಒಬ್ಬರು ಕೇಳಿದರು. ನೋಡಿ, ಇಲ್ಲೂ ಅದೇ ಚಿಂತೆ: ದೇವರಿಗೆ ಸುಳ್ಳು ಹೇಳಿದಂತಾಗುತ್ತದಲ್ಲ! ಓಶ್ರಿ ಕೊಟ್ಟ ತೀರ್ಪು, ಹೇಳಲೇಬೇಕು ಅಂತ. ಈ ಸಾಲು ಕೈಕಾಲಿನ ಸಂಕೋಲೆಯ ಬಗ್ಗೆ ಅಲ್ಲ. ಶತ್ರು ನಮ್ಮನ್ನು ಏನೇ ಮಾಡಲಿ, ನಾವು ಸ್ವತಂತ್ರರು ಅನ್ನುವುದನ್ನು ಮರೆಯದಿರಲು ಈಗಲೇ ಅದನ್ನು ಹೇಳಬೇಕು. ಈ ಪ್ರಶ್ನೋತ್ತರಗಳನ್ನು ಅವರು ಸಿಮೆಂಟ್ ಚೀಲದಿಂದ ಹರಿದ ಕಾಗದದ ಚೂರುಗಳ ಮೇಲೆ ಬರೆದು, ಡಬ್ಬಿಗಳಲ್ಲಿ ಹೂತಿಟ್ಟರು. ಯುದ್ಧ ಮುಗಿದ ಮೇಲೆ ಅಗೆದು ತೆಗೆದು, 1959ರಿಂದ ಸಂಪುಟಗಳಾಗಿ ಅಚ್ಚು ಹಾಕಿದರು.

ಯುದ್ಧದ ನಂತರದ ಚಿಂತಕರ ಸಾಲು ದೊಡ್ಡದು. ನನಗೆ ಒಪ್ಪಲಾಗದ ವಾದಗಳನ್ನು ಮೊದಲು ಹೇಳಿಬಿಡುತ್ತೇನೆ. ಸತ್ಮಾರ್ ಪಂಥದ ಗುರು ಯೋಯೆಲ್ ಟೈಟೆಲ್‌ಬೌಮ್, ಮೆಸ್ಸೀಯ, ಅಂದರೆ ದೇವರು ಕಳಿಸಲಿರುವ ರಕ್ಷಕ, ಬರುವ ಮೊದಲೇ ಯೆಹೂದಿಗಳು ತಮ್ಮದೇ ದೇಶ ಕಟ್ಟಲು ಹೊರಟದ್ದಕ್ಕೆ ಇದು ಶಿಕ್ಷೆ ಅಂದರು. 1943ರಲ್ಲಿ ಬುಡಾಪೆಸ್ಟಿನಲ್ಲಿ ಅಡಗಿದ್ದ ರಬ್ಬಿ ಯಿಸ್ಸಾಖರ್ ಟೈಖ್‌ತಾಲ್ ಬರೆದದ್ದು ಇದಕ್ಕೆ ಪೂರ್ತಿ ಉಲ್ಟಾ. ದೇಶ ಕಟ್ಟಲು ಹೋಗದೆ ಯುರೋಪಿನಲ್ಲೇ ಕೂತದ್ದು ತಪ್ಪಾಯಿತು ಅಂದರು. ಟೈಖ್‌ತಾಲ್ ತಾವೂ ಮೊದಲು ದೇಶ ಕಟ್ಟುವುದನ್ನು ವಿರೋಧಿಸಿದ್ದವರು. 1945ರ ಜನವರಿಯಲ್ಲಿ ಸಾಗಣೆಯ ರೈಲಿನಲ್ಲೇ ಕೊಲೆಯಾದರು. ಅವರ ನೋವಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದೇ ಸಾವಿಗೆ ಎರಡು ಎದುರುಬದುರು ಪಾಪಗಳನ್ನು ಕಾರಣ ಹೇಳಬಹುದು ಅಂದರೆ, ಆ ರೀತಿಯ ಕಾರಣದಲ್ಲೇ ಏನೋ ಕೊರತೆ ಇದೆ. ನಮ್ಮಲ್ಲೂ ಮಗು ಸತ್ತ ಮನೆಗೆ ಹೋಗಿ ‘ಅವರ ಕರ್ಮ’ ಅಂದು ಎದ್ದು ಬರುವವರಿದ್ದಾರೆ. ಆ ಮಾತು ಆಡಿದವರಿಗೆ ಸಮಾಧಾನ ಆಗಬಹುದು, ತಾಯಿಗೆ ಆಗುವುದಿಲ್ಲ.

1961ರ ಆಗಸ್ಟಿನಲ್ಲಿ ಅಮೆರಿಕದ ರಬ್ಬಿ ರಿಚರ್ಡ್ ರೂಬೆನ್‌ಸ್ಟೈನ್ ಬರ್ಲಿನ್ನಿನಲ್ಲಿ ಹೈನ್ರಿಖ್ ಗ್ರೂಬರ್ ಎಂಬ ಕ್ರೈಸ್ತ ಪಾದ್ರಿಯನ್ನು ಕಂಡರು. ಗ್ರೂಬರ್ ಸಾಮಾನ್ಯರಲ್ಲ. ಯೆಹೂದಿಗಳನ್ನು ಉಳಿಸಲು ಹೋಗಿ ತಾವೇ ನಾಜಿ ಶಿಬಿರ ಸೇರಿದ್ದವರು, ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆಯಲ್ಲಿ ಸಾಕ್ಷಿ ನುಡಿದವರು. ಅಂಥವರು, ಯೆಹೂದಿಗಳಿಗೆ ಆದದ್ದು ದೇವರ ಇಚ್ಛೆಯೇ, ಹಿಂದೆ ಬಾಬಿಲೋನಿನ ಅರಸನನ್ನು ಬಳಸಿದಂತೆ ದೇವರು ಹಿಟ್ಲರನನ್ನು ಬಳಸಿದ ಅಂದರು. ಒಬ್ಬ ಒಳ್ಳೆಯ ಮನುಷ್ಯನ ಬಾಯಲ್ಲಿ ಇದು ಬಂತಲ್ಲ ಅನ್ನುವುದೇ ರೂಬೆನ್‌ಸ್ಟೈನರನ್ನು ಅಲ್ಲಾಡಿಸಿತು. ಇತಿಹಾಸ ನಡೆಸುವ ದೇವರನ್ನು ನಂಬಿದರೆ ಕೊನೆಗೆ ಇದನ್ನೂ ಒಪ್ಪಬೇಕಾಗುತ್ತದೆ, ಅದು ನನ್ನಿಂದಾಗದು ಅಂತ 1966ರ ಪುಸ್ತಕದಲ್ಲಿ ಬರೆದರು. ಅವರ ತೀರ್ಮಾನ ಕಹಿ. ಆದರೆ ಅವರದೂ ಸುಳ್ಳು ಹೇಳದ ದಾರಿಯೇ ಅಂತ ನಾನು ಭಾವಿಸುತ್ತೇನೆ.

ಎಮಿಲ್ ಫಾಕೆನ್‌ಹೈಮ್ ಸ್ವತಃ ಸಾಕ್ಸೆನ್‌ಹೌಸೆನ್ ಶಿಬಿರದಲ್ಲಿದ್ದು ಹೊರಬಂದವರು. ಸಂಪ್ರದಾಯದ 613 ಆಜ್ಞೆಗಳಿಗೆ ಇನ್ನೊಂದು, 614ನೆಯದು ಸೇರಿದೆ ಅಂತ 1967ರಲ್ಲಿ ಹೇಳಿದರು. ಹಿಟ್ಲರನಿಗೆ ಸತ್ತ ಮೇಲೆ ಗೆಲುವು ಕೊಡಬೇಡಿ, ಯೆಹೂದಿಗಳಾಗಿ ಉಳಿಯಿರಿ. ಈ ಮಾತು ಲಕ್ಷಾಂತರ ಜನರಿಗೆ ಬಲ ಕೊಟ್ಟಿತು. ಆದರೆ ಬದುಕಿನ ಅರ್ಥವನ್ನು ಕೊಲೆಗಾರನ ಕಡೆಯಿಂದ ಅಳೆಯಬಹುದೇ ಅನ್ನುವ ತಕರಾರೂ ನ್ಯಾಯವಾದದ್ದು. ಎಲಿಯೇಜರ್ ಬೆರ್ಕೊವಿಟ್ಸ್ ಇನ್ನೊಂದು ಎಚ್ಚರ ಕೊಟ್ಟರು. ಬೈಬಲಿನಲ್ಲಿ ತಪ್ಪಿಲ್ಲದೆ ನೋವುಂಡ ಯೋಬ ನಾವಲ್ಲ, ಯೋಬನ ತಮ್ಮಂದಿರು. ಶಿಬಿರದೊಳಗೆ ನಂಬಿಕೆ ಉಳಿಸಿಕೊಂಡವರೂ ಇದ್ದರು, ಕಳೆದುಕೊಂಡವರೂ ಇದ್ದರು. ಹೊರಗಿದ್ದ ನಾವು ಅವರ ಪರವಾಗಿ ಸುಲಭವಾಗಿ ನಂಬಲೂ ಬಾರದು, ಸುಲಭವಾಗಿ ನಂಬಿಕೆ ಬಿಡಲೂ ಬಾರದು.

1974ರಲ್ಲಿ ಇರ್ವಿಂಗ್ ಗ್ರೀನ್‌ಬರ್ಗ್ ಒಂದು ಅಳತೆಗೋಲು ಕೊಟ್ಟರು. 1944ರಲ್ಲಿ ಆಶ್ವಿಟ್ಜ್ ಎಂಬ ಸಾವಿನ ಶಿಬಿರದಲ್ಲಿ ಮಕ್ಕಳನ್ನು ಜೀವಂತವಾಗಿ ಬೆಂಕಿಗೆ ಎಸೆದದ್ದರ ಬಗ್ಗೆ, ಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸಾಕ್ಷ್ಯ ಬಂದಿತ್ತು. ಆ ಉರಿಯುವ ಮಕ್ಕಳ ಎದುರು ನಿಂತು ಹೇಳಲಾಗದ ಯಾವ ಮಾತನ್ನೂ ಹೇಳಬೇಡಿ, ಅದು ದೇವರ ಬಗ್ಗೆ ಇರಲಿ, ಬೇರೆ ಯಾವುದರ ಬಗ್ಗೆಯೇ ಇರಲಿ, ಅಂದರು. ಯೆರೆಮೀಯ ಒಂದು ಮಾತು ಬಿಟ್ಟ, ದಾನಿಯೇಲ ಇನ್ನೊಂದು ಬಿಟ್ಟ. ಈ ಅಳತೆಗೋಲು ಹಿಡಿದರೆ ಎಷ್ಟು ಮಾತು ಉಳಿಯುತ್ತದೆ? ಗ್ರೀನ್‌ಬರ್ಗ್ ನಂಬಿಕೆ ಬಿಡಲಿಲ್ಲ. ಇನ್ನು ಮೇಲೆ ನಂಬಿಕೆ ಅನ್ನುವುದು ಕೆಲವು ಗಳಿಗೆಗಳಲ್ಲಿ ಇರುತ್ತದೆ, ಕೆಲವು ಗಳಿಗೆಗಳಲ್ಲಿ ಆ ಬೆಂಕಿಯ ಹೊಗೆ ಅದನ್ನು ಮುಚ್ಚಿಬಿಡುತ್ತದೆ ಅಂದರು.

ಉಪನ್ಯಾಸ ಮುಗಿದ ಮೇಲೆ ಒಬ್ಬರು ಕೇಳಿದರು: ಹಾಗಾದರೆ ಆ ಟಿಪ್ಪಣಿ ಬರೆಯುವ ಹೊತ್ತಿಗೆ ರೆಬ್ಬೆಯ ನಂಬಿಕೆ ಹೋಗಿತ್ತಾ?

ವಿದ್ವಾಂಸರಲ್ಲಿ ಈ ಬಗ್ಗೆ ಜಗಳವೇ ಇದೆ. ಹಳೆಯ ಅರ್ಥದ ನಂಬಿಕೆ ಅಲ್ಲಿಗೆ ಮುರಿಯಿತು ಅನ್ನುವವರಿದ್ದಾರೆ. ಆ ಟಿಪ್ಪಣಿಯ ಕೊನೆಯ ವಾಕ್ಯ ಪ್ರಾರ್ಥನೆಯಲ್ಲವೇ ಅನ್ನುವವರಿದ್ದಾರೆ. ನಾನು ಎರಡನೆಯವರ ಕಡೆ. 1943ರ ಜನವರಿಯಲ್ಲಿ ಅವರು ತಮ್ಮ ಬರಹಗಳ ಜೊತೆ ಒಂದು ಕಾಗದ ಇಟ್ಟರು. ಇವು ಯಾರಿಗೆ ಸಿಕ್ಕರೂ ದಯವಿಟ್ಟು ಟೆಲ್ ಅವೀವಿನಲ್ಲಿರುವ ನನ್ನ ತಮ್ಮನಿಗೆ ಕಳುಹಿಸಿ, ಅಚ್ಚು ಹಾಕಿಸಿ, ಜನ ಓದಲಿ ಅನ್ನುವುದು ಅದರ ಸಾರ. ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಗೆಳೆಯರು ಗುಟ್ಟಾಗಿ ಕೂಡಿಡುತ್ತಿದ್ದ ದಾಖಲೆಗಳ ಜೊತೆ ಅದು ನೆಲದಡಿ ಸೇರಿತು. 1943ರ ನವೆಂಬರಿನಲ್ಲಿ ಟ್ರಾವ್ನಿಕಿ ಶಿಬಿರದಲ್ಲಿ ನಾಜಿಗಳು ರೆಬ್ಬೆಯನ್ನು ಕೊಂದರು. 1950ರ ಡಿಸೆಂಬರಿನಲ್ಲಿ ವಾರ್ಸಾದ ನೊವೊಲಿಪ್ಕಿ ಬೀದಿಯ ಅವಶೇಷಗಳ ಕೆಳಗೆ, ಹಾಲಿನ ಕ್ಯಾನುಗಳಲ್ಲಿ, ಆ ದಾಖಲೆಗಳ ಎರಡನೇ ಕಂತು ಸಿಕ್ಕಿತು. ರೆಬ್ಬೆಯ ತಮ್ಮ ಅಷ್ಟರಲ್ಲಿ ತೀರಿಕೊಂಡಾಗಿತ್ತು. ಪ್ರವಚನಗಳು 1960ರಲ್ಲಿ ಇಸ್ರೇಲಿನಲ್ಲಿ ಅಚ್ಚಾದವು. ‘ಹಿಂದೆಯೂ ಇಂಥದ್ದು ಆಗಿದೆ’ ಅನ್ನುವ ಭಾಗವನ್ನು ರೆಬ್ಬೆ ಹೊಡೆದುಹಾಕಿರಲಿಲ್ಲ. ಪುಸ್ತಕದಲ್ಲಿ ಆ ಮಾತೂ ಇದೆ, ಅದಕ್ಕೆ ಅವರೇ ಸೇರಿಸಿದ ಟಿಪ್ಪಣಿಯೂ ಇದೆ.